ಸೆಕೆಯ ಊರಲ್ಲಿ ಸೀರಮ್ಮು

ಬೆಂಗಳೂರಿನಲ್ಲಿದ್ದಾಗ ನನ್ನ ಮುಖಕ್ಕೆ ಒಂದು ಶಿಸ್ತಿತ್ತು. ಬೆಳಿಗ್ಗೆ ಫೇಸ್‌ವಾಶ್, ಟೋನರ್, ವಿಟಮಿನ್ ಸಿ ಸೀರಮ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ರಾತ್ರಿ ಮತ್ತೆ ಅದೇ ಮೆರವಣಿಗೆ, ಬಾಟಲಿಗಳು ಮಾತ್ರ ಬೇರೆ. ಕೊನೆಗೆ ಶಿಯಾ ಬಟರ್ ಹಾಕಿದ ದಪ್ಪ ನೈಟ್ ಕ್ರೀಮ್. ಕೊರಿಯಾದವರು ಹತ್ತು ಹಂತ ಅಂತಾರೆ, ನಾನು ಸಂಬಳ ನೋಡಿಕೊಂಡು ಸ್ವಲ್ಪ ಕಮ್ಮಿ ಮಾಡಿಕೊಂಡಿದ್ದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರು ಅದು. ಡಿಸೆಂಬರಲ್ಲಿ ತುಟಿ ಒಡೆಯುತ್ತೆ, ಹಿಮ್ಮಡಿ ಬಿರಿಯುತ್ತೆ. ಏನು ಹಚ್ಚಿದರೂ ಚರ್ಮ ಬೇಡ ಅನ್ನುತ್ತಿರಲಿಲ್ಲ. ಅಷ್ಟರಲ್ಲಿ ಬ್ಯಾಂಕಿನವರು ಮಂಗಳೂರಿಗೆ ವರ್ಗ ಮಾಡಿದರು.

ನಮ್ಮಲ್ಲಿ ವರ್ಗ ಆಗುವುದೇ ಮೇ ತಿಂಗಳಲ್ಲಿ. ಸಾಮಾನಿನ ಗಾಡಿ ಶಿರಾಡಿ ಘಾಟಿ ಇಳಿದು ಮನೆ ಮುಟ್ಟುವಷ್ಟರಲ್ಲಿ ನೈಟ್ ಕ್ರೀಮು ಕ್ರೀಮಾಗಿ ಉಳಿದಿರಲಿಲ್ಲ. ಶಿಯಾ ಬಟರ್ ಕರಗುವುದು ಹೆಚ್ಚುಕಮ್ಮಿ ನಮ್ಮ ಮೈಬಿಸಿಗೆ. ಮುಚ್ಚಿದ ಗಾಡಿಯೊಳಗೆ ಅದಕ್ಕಿಂತ ಜಾಸ್ತಿಯೇ ಇತ್ತು. ಡಬ್ಬಿಯ ಮುಚ್ಚಳ ದಾಟಿ ಬಂದ ಎಣ್ಣೆ ನನ್ನ ಎರಡು ರೇಷ್ಮೆ ಸೀರೆಗಳಿಗೆ ಚೆನ್ನಾಗಿ ಪೋಷಣೆ ಕೊಟ್ಟಿತ್ತು.

ಮಂಗಳೂರಿನ ಸೆಕೆ ಮೊಬೈಲಿನ ಹವಾಮಾನದಲ್ಲಿ ಕಾಣಿಸಲ್ಲ. ಅದರಲ್ಲಿ 33 ಡಿಗ್ರಿ ಅಂತಷ್ಟೇ ಇರುತ್ತೆ. ಇಷ್ಟೇನಾ, ಕಲಬುರಗಿಯಲ್ಲಿ 42 ಇದೆಯಲ್ಲ ಅಂತ ನೋಡಿದವರು ಅಂದುಕೊಳ್ಳುತ್ತಾರೆ. ಆದರೆ ಬೆವರು ಮೈ ತಂಪು ಮಾಡಬೇಕಾದರೆ ಮೊದಲು ಅದು ಆರಬೇಕು. ಇಲ್ಲಿ ಗಾಳಿಯಲ್ಲೇ ನೀರು ತುಂಬಿರುತ್ತೆ, ಇನ್ನು ನನ್ನ ಬೆವರಿಗೆ ಜಾಗ ಎಲ್ಲಿ? ಹಾಗಾಗಿ ಅದು ಮುಖದಲ್ಲೇ ನಿಲ್ಲುತ್ತೆ. ಅದರ ಕೆಳಗೆ ಮಾಯಿಶ್ಚರೈಸರ್, ಅದರ ಕೆಳಗೆ ಸೀರಮ್, ಅದರ ಕೆಳಗೆಲ್ಲೋ ನಾನು.

ಸನ್‌ಸ್ಕ್ರೀನಿನದ್ದು ಬೇರೆಯೇ ಕಥೆ. ಮುಖಕ್ಕೂ ಕತ್ತಿಗೂ ಸೇರಿ ಎರಡು ಬೆರಳುದ್ದ ಹಚ್ಚಬೇಕು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು ಅನ್ನುವುದು ನಿಯಮ. ನಿಯಮ ಮೀರುವುದು ನನ್ನ ಜಾಯಮಾನ ಅಲ್ಲ. ಎರಡು ಬೆರಳುದ್ದ ಮೆತ್ತಿಕೊಂಡು, ಹೆಲ್ಮೆಟ್ ಏರಿಸಿ, ಕದ್ರಿಯಿಂದ ಹಂಪನಕಟ್ಟೆಗೆ ಸ್ಕೂಟರ್ ಬಿಟ್ಟೆ. ಬಂಟ್ಸ್ ಹಾಸ್ಟೆಲ್ ಹತ್ತಿರ ಬರುವಾಗ ಹಣೆಯ ಬೆವರು ಇಳಿಯಲು ಶುರುವಾಯಿತು. ಒಂಟಿಯಾಗಿ ಅಲ್ಲ, ಸನ್‌ಸ್ಕ್ರೀನನ್ನೂ ಕರೆದುಕೊಂಡು. ಹುಬ್ಬಿನಲ್ಲಿ ಒಂದು ಕ್ಷಣ ತಡೆದು ನಿಂತಿತು, ಆಮೇಲೆ ಎರಡೂ ಕಣ್ಣಿಗೆ ಒಟ್ಟಿಗೇ ಇಳಿಯಿತು. ಉರಿ ಅಂದರೆ ಉರಿ. ಸ್ಕೂಟರ್ ಬದಿಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಕಣ್ಣು ಬಿಡಲಾಗದೆ ದಳದಳ ನೀರು ಸುರಿಸುತ್ತಾ ನಿಂತೆ. ಕಾಡಿಗೆ ಕೆನ್ನೆಯವರೆಗೆ ಬಂದಿತ್ತು.

ಪಕ್ಕದಲ್ಲಿ ಬೊಂಡದ, ಅಂದರೆ ಎಳನೀರಿನ ಅಂಗಡಿ. ಅಂಗಡಿಯವರು ಕತ್ತಿ ಕೆಳಗಿಟ್ಟು ಓಡಿ ಬಂದರು.

"ಎಂತ ಆಯ್ತು ಅಕ್ಕಾ? ಬಿದ್ರಾ?"

"ಇಲ್ಲ, ಸನ್‌ಸ್ಕ್ರೀನು."

ಅವರಿಗೆ ಅದು ಯಾರ ಹೆಸರು ಅನ್ನಿಸಿತೋ ಗೊತ್ತಿಲ್ಲ. "ಬಿಡಿ ಅಕ್ಕಾ, ಅಂಥವರಿಗೆಲ್ಲ ಅಳ್ಬಾರ್ದು," ಅಂತ ಒಂದು ಬೊಂಡ ಕೆತ್ತಿ ಕೈಗೆ ಕೊಟ್ಟರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅರ್ಧ ಕುಡಿದೆ, ಇನ್ನರ್ಧದಲ್ಲಿ ಕಣ್ಣು ತೊಳೆದೆ. ಬ್ಯಾಂಕಿಗೆ ಹೋಗಿ ಕೌಂಟರಿನಲ್ಲಿ ಕೂತರೆ ಮೊದಲನೇ ಗಿರಾಕಿ ಪಾಸ್‌ಬುಕ್ ಕೊಡುವ ಬದಲು, "ಮೇಡಂ, ನಿಮ್ಮ ಕಿವಿ ಹತ್ರ ಸುಣ್ಣ ಉಂಟು," ಅಂದರು.

ಬ್ಯಾಂಕಿನೊಳಗೆ ಎಸಿ. ಅಲ್ಲಿ ಚರ್ಮ ಬೆಂಗಳೂರಿನ ಹಾಗೇ ಒಣಗುತ್ತೆ. ಊಟಕ್ಕೆ ಅಂತ ಹೊರಗೆ ಕಾಲಿಟ್ಟರೆ ತಣ್ಣಗಿನ ಕನ್ನಡಕಕ್ಕೆ ಹೊರಗಿನ ಹಬೆಗಾಳಿ ತಾಗಿ ಗಾಜೆಲ್ಲ ಮಸುಕು. ಮೆಟ್ಟಿಲು ತಡವುತ್ತಾ ಇಳಿಯಬೇಕು. ಒಂದೇ ಮುಖ ದಿನಕ್ಕೆ ಎಷ್ಟು ಸಲ ಊರು ಬದಲಾಯಿಸಬೇಕು ಹೇಳಿ.

ವಿಟಮಿನ್ ಸಿ ಸೀರಮ್ಮಿಗಂತೂ ಬಿಸಿಲು, ಬಿಸಿ, ಗಾಳಿ ಯಾವುದೂ ಆಗಲ್ಲ. ನೀರಿನ ಬಣ್ಣದಲ್ಲಿದ್ದದ್ದು ಜೂನ್ ಬರುವಷ್ಟರಲ್ಲಿ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಹಾಗೆ ತಿರುಗಿದ ಮೇಲೆ ಹಚ್ಚಿ ಪ್ರಯೋಜನ ಇಲ್ಲ. ಹೊಸದನ್ನು ತಂದು ಫ್ರಿಜ್ಜಿನಲ್ಲಿ ಪುನರ್ಪುಳಿ ಶರಬತ್ತಿನ ಪಕ್ಕ ಇಟ್ಟೆ. ಓನರ್ ಅಮ್ಮ ಮೊಸರು ಕೇಳಲು ಬಂದವರು ಆ ಪುಟ್ಟ ಬಾಟಲಿ ನೋಡಿ, "ಕಿವಿಗೆ ಬಿಡುದಾ ಇದು?" ಅಂದರು. ಬೆಲೆ ಹೇಳಿದೆ. ಕಿವಿ ನಿಜವಾಗಿಯೂ ಕೇಳಿಸದವರ ಹಾಗೆ ಇನ್ನೊಮ್ಮೆ ಹೇಳಿಸಿದರು.

ಅವರಿಗೆ ಎಲ್ಲಕ್ಕಿಂತ ಬೇಜಾರು ತಂದದ್ದು ನನ್ನ ಫೇಸ್ ಮಿಸ್ಟ್. ಮುಖಕ್ಕೆ ಪುಸ್ ಪುಸ್ ಅಂತ ತೇವ ಹಾರಿಸಿಕೊಳ್ಳುವ ಬಾಟಲಿ. ಹೊರಗೆ ಧೋ ಅಂತ ಮಳೆ. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರ್‌ಗೂ ಜಾಸ್ತಿ ಸುರಿಯುವ ಊರಿನಲ್ಲಿ ನಾನು ವರಾಂಡದಲ್ಲಿ ನಿಂತು ಮುಖಕ್ಕೆ ನೀರು ಚಿಮುಕಿಸಿಕೊಳ್ಳುತ್ತಿದ್ದೆ. "ಎಂತದು ಮಾರಾಯ್ತಿ, ಮಳೆ ಬರುವಾಗ ಅಂಗಳಕ್ಕೆ ನೀರು ಹಾಕಿದ ಹಾಗೆ," ಅಂದರು ಅಮ್ಮ. ಬ್ಯೂಟಿ ಚಾನೆಲ್‌ಗಳಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಮಳೆಗಾಲದಲ್ಲಿ ಚರ್ಮದ ಬ್ಯಾಗಿಗೆ ಬೂಷ್ಟು ಬಂತು, ಮೇಕಪ್ ಸ್ಪಂಜಿಗೆ ಕಪ್ಪು ಚುಕ್ಕಿ ಬಂತು. ಮೂರನೇ ಸರದಿ ನನ್ನ ಹಣೆಯದ್ದು. ಸಣ್ಣ ಸಣ್ಣ ಗುಳ್ಳೆ, ಎಲ್ಲಾ ಒಂದೇ ಅಳತೆ, ಮೇಲಿಂದ ತುರಿಕೆ. ಮೊಡವೆ ಅಂದುಕೊಂಡು ಹೋದರೆ ಚರ್ಮದ ಡಾಕ್ಟರು ಬೇರೆಯೇ ಹೇಳಿದರು. ಎಲ್ಲರ ಚರ್ಮದ ಮೇಲೂ ಮಲಸೀಜಿಯಾ ಅನ್ನುವ ಯೀಸ್ಟ್ ಸುಮ್ನೆ ಬದುಕಿಕೊಂಡಿರುತ್ತಂತೆ. ಅದಕ್ಕೆ ಜಿಡ್ಡು ಅಂದರೆ ಪ್ರಾಣ, ಸೆಕೆ ಅಂದರೆ ಇನ್ನೂ ಪ್ರೀತಿ. ಎದೆ, ಬೆನ್ನಿನ ಮೇಲೆ ಚಿಬ್ಬು ಬರುವುದೂ ಇದರ ಕೃಪೆಯಿಂದಲೇ. ನಾನು ಹಚ್ಚುವುದರ ಪಟ್ಟಿ ಕೊಟ್ಟೆ. ಡಾಕ್ಟರು ಓದಿದರು, ಹಾಳೆ ತಿರುಗಿಸಿದರು, ಹಿಂದೆಯೂ ಇತ್ತು. "ಇಷ್ಟೆಲ್ಲ ಯಾರು ಬರೆದುಕೊಟ್ಟದ್ದು?"

"ಯೂಟ್ಯೂಬ್, ಡಾಕ್ಟ್ರೇ."

ಪೆನ್ನು ತೆಗೆದು ಗೀಟು ಎಳೆಯುತ್ತಾ ಹೋದರು. ಫೇಸ್‌ವಾಶ್ ಉಳಿಯಿತು, ಸನ್‌ಸ್ಕ್ರೀನ್ ಉಳಿಯಿತು. ಮೋಡ ಇದ್ದರೂ ಅತಿನೇರಳೆ ಕಿರಣ ಇಳಿಯುತ್ತೆ, ಅದನ್ನು ಬಿಡಬೇಡಿ, ಆದರೆ ಜೆಲ್ ರೂಪದ್ದು ತಗೊಳ್ಳಿ ಅಂದರು. ಮುಖಕ್ಕೆ ಎಣ್ಣೆ ಖಂಡಿತ ಬೇಡ ಅಂದರು. ಈ ಕಡೆ ಮನೆಗೆ ಬಂದರೆ ಓನರ್ ಅಮ್ಮ ತೆಂಗಿನೆಣ್ಣೆ ಹಿಡಿದು ಕಾಯುತ್ತಿದ್ದರು. ಬೆಂಗಳೂರಿನ ಚಳಿಯಲ್ಲಿ ಗಟ್ಟಿಯಾಗುವ ಎಣ್ಣೆ ಇಲ್ಲಿ ಹೆಚ್ಚುಕಮ್ಮಿ ವರ್ಷವಿಡೀ ನೀರಾಗಿಯೇ ಇರುತ್ತೆ, ಹಾಗಾಗಿ ತಪ್ಪಿಸಿಕೊಳ್ಳಲು ಆ ನೆಪವೂ ಇಲ್ಲ. ಕೊನೆಗೆ ಒಪ್ಪಂದ ಆಯಿತು. ಕುತ್ತಿಗೆಯಿಂದ ಮೇಲೆ ಮುಖ ಡಾಕ್ಟರದ್ದು, ತಲೆ ಅಮ್ಮನದ್ದು. ಎಣ್ಣೆ ಹಾಕಿ, ದಾಸವಾಳದ ಎಲೆ ಕಿವುಚಿ ತೆಗೆದ ಗೊಂಪಿನಲ್ಲಿ ತೊಳೆಯುವುದು. ಕೂದಲು ಚೆನ್ನಾಗಿಯೇ ಆಗಿದೆ. ಗೊಂಪಿನ ಲೋಳೆಯಲ್ಲಿ ಬಚ್ಚಲಲ್ಲಿ ಜಾರಿದ್ದು ಲೆಕ್ಕಕ್ಕಿಲ್ಲ.

ಆದರೂ ಮೇಕಪ್ಪಿನ ಆಸೆ ಬಿಟ್ಟಿರಲಿಲ್ಲ. ಡಿಸೆಂಬರಲ್ಲಿ ಒಂದು ಯಕ್ಷಗಾನ ಬಯಲಾಟಕ್ಕೆ ಹೋದಾಗ ಧೈರ್ಯ ಮಾಡಿ, ಕಲಾವಿದರು ವೇಷ ಕಟ್ಟುವ ಚೌಕಿಯೊಳಗೆ ಇಣುಕಿದೆ. ತೆಂಗಿನೆಣ್ಣೆಯಲ್ಲಿ ಕಲಸಿದ ಬಣ್ಣ ಮುಖಕ್ಕೆ ಸವರಿ, ಮೇಲಿಂದ ಪೌಡರ್ ಒತ್ತುತ್ತಿದ್ದರು. ರಾಕ್ಷಸನಾಗುವ ಬಣ್ಣದ ವೇಷದವರ ಕೆನ್ನೆಯ ಮೇಲೆ ಅಕ್ಕಿಹಿಟ್ಟು, ಸುಣ್ಣ ಸೇರಿಸಿದ ಚುಟ್ಟಿ ಒಂದೊಂದೇ ಚುಕ್ಕಿಯಾಗಿ ಏಳುತ್ತಿತ್ತು. ಮೇಲೆ ಕಿರೀಟದ ಭಾರ, ಕೆಳಗೆ ಗೆಜ್ಜೆ, ನಡುವೆ ರಾತ್ರಿಯಿಡೀ ಕುಣಿತ. ನನ್ನ ಲಿಪ್‌ಸ್ಟಿಕ್ ಹಂಪನಕಟ್ಟೆಯವರೆಗೂ ಬರಲ್ಲ.

"ಬೆವರಲ್ವಾ ನಿಮಗೆ?" ಕೇಳಿದೆ.

"ಬೆವರದೆ ಇರ್ತದಾ? ಉಜ್ಜಿ ಒರೆಸ್ಬಾರ್ದು ಅಷ್ಟೇ. ಬಟ್ಟೆ ಒತ್ತಿ ತೆಗಿಬೇಕು."

ಅವತ್ತಿನಿಂದ ನನ್ನ ಬ್ಯಾಗಿನಲ್ಲಿ ಒಂದು ಮೆತ್ತನೆ ಹತ್ತಿ ಕರವಸ್ತ್ರ. ಕಾಡಿಗೆ ಈಗ ಕಣ್ಣಿನ ಹತ್ತಿರವೇ ಇರುತ್ತೆ.

ಉಳಿದ ಬಾಟಲಿಗಳನ್ನು ಓನರ್ ಅಮ್ಮ ದತ್ತು ತೆಗೆದುಕೊಂಡಿದ್ದಾರೆ. ನೈಟ್ ಕ್ರೀಮ್ ಡಬ್ಬಿಯಲ್ಲಿ ಸಾಸಿವೆ. ಟೋನರ್ ಬಾಟಲಿಯಲ್ಲಿ ದೇವರ ದೀಪದ ಎಣ್ಣೆ. ಫೇಸ್ ಮಿಸ್ಟ್ ಬಾಟಲಿಗೆ ಬೇವಿನೆಣ್ಣೆ ನೀರು ತುಂಬಿಸಿ, ತಾರಸಿಯ ಮಲ್ಲಿಗೆ ಗಿಡಕ್ಕೆ ಹುಳ ಹತ್ತದ ಹಾಗೆ ದಿನಾ ಪುಸ್ ಪುಸ್ ಹೊಡೆಯುತ್ತಾರೆ. ಮೊನ್ನೆ ನನ್ನನ್ನು ಕರೆದು ತೋರಿಸಿದರು.

"ನೋಡು, ಎಲೆ ಹೇಗೆ ಪಳಪಳ ಹೊಳೀತದೆ. ನೀನು ಸುಮ್ನೆ ಮುಖಕ್ಕೆ ಹೊಡೆದು ವೇಸ್ಟ್ ಮಾಡಿದ್ದು."