ಒಂದು ಹುಳ, ಒಬ್ಬ ಪೇಷೆಂಟು, ಅದರ ಮ್ಯಾಲ ಒಂದು ಪೇಪರ್

ಯಾವ್ದೋ ಯೂನಿವರ್ಸಿಟಿಯವ್ರು ಹೊಸ ಜೇಡ ಕಂಡುಹಿಡಿದ್ರು, ಇಲ್ಲಾ ಯಾರೋ ಡಾಕ್ಟ್ರು ಅಪರೂಪದ ಕ್ಯಾನ್ಸರ್ ಕೇಸ್ ಬಗ್ಗೆ ಬರದ್ರು ಅಂತ ಸುದ್ದಿ ಬಂತಂದ್ರ ನಮ್ಮ ಸಿರುಗುಪ್ಪ ಕಡೆ ಚಾದಂಗಡ್ಯಾಗ ಒಂದೇ ಮಾತು, "ಇದರಿಂದ ನಮಗೇನು ಬಂತ್ರೀ?" ಕೇಳ್ಲಿ ಬಿಡ್ರಿ, ರೊಕ್ಕ ನಮ್ದೇ ಐತಲ್ಲ. ಆದ್ರ ಮೆಣಸಿನಕಾಯಿ ಹಾಕೋ ಮಂದಿ ಈ ಮಾತು ಆಡಿದ್ರ ನನಗ ಸಿಟ್ಟು ಬರ್ತೈತಿ.

2021ರ ಹಂಗಾಮು ನೆನಪೈತಲ್ಲ? ಬಳ್ಳಾರಿ, ರಾಯಚೂರು, ಅತ್ತ ಆಂಧ್ರ, ತೆಲಂಗಾಣ, ಎಲ್ಲಾ ಕಡೆ ಮೆಣಸಿನ ಹೂವು ಉದುರಿ ಉದುರಿ ಬಿದ್ವು. ಒಂದು ಹೂ ಕಿತ್ತು ಅಂಗೈ ಮ್ಯಾಲ ಬಡದ್ರ ಎಳ್ಳಿಗಿಂತ ಸಣ್ಣ ಕರೇ ಹುಳ ಪಿತಿಪಿತಿ ಹರದಾಡ್ತಿದ್ವು. ನಮಗ ಗೊತ್ತಿದ್ದ ಹಳೇ ನುಸಿ ಎಲಿ ಕೆಳಗ ಕುಂತು ರಸ ಹೀರ್ತೈತಿ, ಎಲಿ ಮುಟುರಿ ಮ್ಯಾಲಕ್ಕ ಮಡಚ್ಕೊಂತೈತಿ, ಇದು ಹೂವಿನ ಒಳಗ ಹೊಕ್ಕು ಕುಂತಿತ್ತು. ಅಂಗಡಿಯವ ಕೊಟ್ಟಿದ್ದೆಲ್ಲಾ ಹೊಡದ್ರು, ಎರಡು ಮೂರು ಔಷಧಿ ಮಿಕ್ಸ್ ಮಾಡಿ ಹೊಡದ್ರು, ಸಾಲ ಮಾಡಿ ಹೊಡದ್ರು, ಕಡೀಕ ಎಷ್ಟೋ ಮಂದಿ ಬೆಳೀನೇ ಕಿತ್ತು ಒಗದ್ರು.

ಅದರ ಹೆಸರು ಥ್ರಿಪ್ಸ್ ಪಾರ್ವಿಸ್ಪೈನಸ್, ಆಗ್ನೇಯ ಏಷ್ಯಾ ಕಡೇದು. ಇದು ನಮ್ಮ ದೇಶಕ್ಕ ಬಂದೈತಿ ಅಂತ ಝೂವಾಲಜಿಕಲ್ ಸರ್ವೇ ಆಫ್ ಇಂಡಿಯಾದವ್ರು 2015ರಾಗೇ ಬರದಿದ್ರು, ಬೆಂಗಳೂರಾಗ ಪಪ್ಪಾಯಿ ಮ್ಯಾಲ ಸಿಕ್ಕಿತ್ತು. ಮೈಕ್ರೋಸ್ಕೋಪ್ ಕೆಳಗ ಹುಳದ ಮೈಮೇಲಿನ ಕೂದಲ ನೋಡಿ, ಜಾತಿ ಗುರುತಿಸೋ ಡಿಎನ್ಎ ಬಾರ್‌ಕೋಡ್ ತಾಳೆ ಹಾಕಿ ಬರದ ಸಂಶೋಧನಾ ಪೇಪರ್. ಆಗ ಕೇಳಿದ್ರ ನಾವೂ "ಪಪ್ಪಾಯಿ ಹುಳ ತಗೊಂಡು ಏನ್ ಮಾಡ್ಲಿ" ಅಂತಿದ್ವಿ. ಆದ್ರ ಆ ಪೇಪರ್ ಇದ್ದಿದ್ದಕ್ಕ 2021ರಾಗ ಇದು ಹಳೇ ನುಸಿ ಅಲ್ಲ, ನೀಲಿ ಅಂಟು ಹಾಳಿ ಕಟ್ರಿ, ಸಿಕ್ಕಾಪಟ್ಟೆ ಔಷಧಿ ಹೊಡೀಬ್ಯಾಡ್ರಿ ಅಂತ ಹೇಳಾಕ ಒಂದು ಬುಡ ಸಿಕ್ತು. ನಡುವ ಆರು ವರ್ಷ ಈ ಸುದ್ದಿ ನಮ್ಮ ಹೊಲದ ತನಕ ಯಾಕ ಬರಲಿಲ್ಲ ಅನ್ನೋದು ಬ್ಯಾರೆ ಜಗಳ, ಅದನ್ನ ಇನ್ನೊಮ್ಮೆ ಆಡೋಣ.

ಕ್ಯಾನ್ಸರಿಂದೂ ಇದೇ ಕತಿ. ಉಗಾಂಡಾದಾಗ ಡೆನಿಸ್ ಬರ್ಕಿಟ್ ಅಂತ ಒಬ್ಬ ಸರ್ಜನ್ ಇದ್ದ, ಸಣ್ಣ ಮಕ್ಕಳ ದವಡಿ ಗಡ್ಡಿ ನೋಡಿ ಇದೇನೋ ವಿಚಿತ್ರ ಐತಲ್ಲ ಅಂತ 1958ರಾಗ ಬರದ, ಆಮ್ಯಾಲ ಕಾರ್ ತಗೊಂಡು ಆಫ್ರಿಕಾದ ಆಸ್ಪತ್ರಿ ಆಸ್ಪತ್ರಿ ತಿರುಗಿ ಎಲ್ಲೆಲ್ಲಿ ಬರ್ತೈತಿ, ಎಲ್ಲಿ ಬರಂಗಿಲ್ಲ ಅಂತ ಮ್ಯಾಪ್ ಮಾಡ್ದ. ಆ ಗಡ್ಡಿ ತುಂಡು ವಿಮಾನದಾಗ ಲಂಡನ್ನಿಗೆ ಹೋಗಿ, 1964ರಾಗ ಅದ್ರಾಗ ಎಪ್‌ಸ್ಟೀನ್-ಬಾರ್ ವೈರಸ್ ಸಿಕ್ತು. ಮನುಷ್ಯರ ಕ್ಯಾನ್ಸರಿಗೆ ನಂಟು ಇರೋ ಮೊದಲ ವೈರಸ್ ಅದು. ಶುರು ಆಗಿದ್ದು ವಾರ್ಡಿನಾಗಿನ ಮಕ್ಕಳಿಂದ.

ಅಷ್ಟು ದೂರ ಯಾಕ್ರೀ, ನಮ್ಮ ಕಡೇದೇ ಯಾದಗಿರಿ ಜಿಲ್ಲಾದ ಕಿರದಳ್ಳಿ ತಾಂಡಾದಾಗ ಕುಡಿಯೋ ನೀರಿನಾಗ ಆರ್ಸೆನಿಕ್, ಮಂದಿಗೆ ಚರ್ಮದ ಕಾಯಿಲೆ, ಕ್ಯಾನ್ಸರ್ ತನಕ ಹೋಗೈತಿ ಅಂತ 2013ರಾಗ ದೊಡ್ಡ ಜರ್ನಲ್‌ನಾಗ ಬರದವ್ರು ಯಾರು? ಕೋಲ್ಕತ್ತಾದ ಜಾದವಪುರ ಯೂನಿವರ್ಸಿಟಿಯ ದೀಪಂಕರ ಚಕ್ರವರ್ತಿ ಅವರ ತಂಡ. ನಮ್ಮ ನೀರು, ನಮ್ಮ ಮಂದಿ, ಪೇಪರ್ ಕೋಲ್ಕತ್ತಾದ್ದು. ಬಳ್ಳಾರಿಗೆ 2010ರಾಗೇ ಯೂನಿವರ್ಸಿಟಿ ಬಂದೈತಿ, ರಾಯಚೂರಾಗ ಕೃಷಿ ವಿವಿ ಐತಿ, ಮೆಡಿಕಲ್ ಕಾಲೇಜು ಅದಾವ, ಆದ್ರೂ ಗಡ್ಡಿ ಬಂದೋರು ಇನ್ನೂ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೇ ಹೊಂಟಾರ, ಅವರ ಕೂಡ ಅವರ ಕೇಸೂ ಹೋಗ್ತೈತಿ.

ನಮ್ಮಲ್ಲಿ ಕಟ್ಟಡ ಕಟ್ತಾರ, ಇಟ್ಟಿದ್ದನ್ನ ಕಾಯೋದಿಲ್ಲ. ಹೊಸ ಜೀವಿ ಅಂದ್ರ ಹೋಲೋಟೈಪ್ ಅಂತ ಒಂದು ಮಾದರಿ ಮ್ಯೂಸಿಯಂನಾಗ ಇಡ್ಬೇಕು, ಯಾರಾದ್ರೂ ಸುಳ್ಳು ಅಂದ್ರ ತಗದು ತೋರ್ಸಾಕ. ಅಪರೂಪದ ಗಡ್ಡೀದೂ ಹಂಗೇ, ಮೇಣದಾಗ ಕೂಡ್ಸಿದ ಗಡ್ಡಿ ತುಂಡು ಇದ್ರ ಹತ್ತು ವರ್ಷ ಬಿಟ್ಟು ಬಂದ ಹೊಸ ಟೆಸ್ಟಿಗೂ ಕೊಡಬಹುದು. ನಾ ಓದಿದ ಕಾಲೇಜಿನಾಗ ಫಾರ್ಮಲಿನ್ ಒಣಗಿ, ಲೇಬಲ್ ಇಲಿ ತಿಂದ ಮಾದರಿ ಬಾಟ್ಲಿಗಳನ್ನ, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಟೀಮ್ ಬರ್ತೈತಿ ಅಂತ ಹಿಂದಿನ ಗುಂಡಿಗೆ ಹಾಕಿ ಗ್ವಾಡಿಗೆ ಪೇಂಟ್ ಹೊಡದ್ರು. ರೊಕ್ಕ ಕೊಟ್ಟು ಛಾಪಿಸೋ ಜರ್ನಲ್‌ಗಳದ್ದು, ಕಾಪಿ-ಪೇಸ್ಟ್ ಪಿಎಚ್‌ಡಿಗಳದ್ದು ಹೇಳಾಕ ಹೋದ್ರ ರಾತ್ರಿ ಆಗ್ತೈತಿ.

ಗಣಿ ಜಿಲ್ಲಾ ನಮ್ದು, ಗಣಿಯವ್ರು ಜಿಲ್ಲಾಕ್ಕ ಕಟ್ಟೋ ಡಿಎಂಎಫ್ (ಜಿಲ್ಲಾ ಖನಿಜ ನಿಧಿ) ರೊಕ್ಕ ಐತಿ. ಹೊಸ ಕಟ್ಟಡ, ಆಡಿಟೋರಿಯಂ ಏನೂ ಬ್ಯಾಡ್ರಪಾ. ಮಾದರಿ ಇಡಾಕ ಕರೆಂಟ್ ಹೋಗಲಾರದ ಒಂದು ಎಸಿ ರೂಮು, ಕಪಾಟು, ಒಂದು ಒಳ್ಳೇ ಮೈಕ್ರೋಸ್ಕೋಪು, ಮತ್ತ ಗೆಸ್ಟ್ ಅಲ್ಲದ ಪರ್ಮನೆಂಟ್ ಟೆಕ್ನಿಷಿಯನ್ ಇಬ್ಬರು. ಯೂನಿವರ್ಸಿಟಿ ಆಡಳಿತ ನೋಡೋ ಸಿಂಡಿಕೇಟ್‌ಗೆ ನಾಮಿನೇಟ್ ಆದೋರು ಯಾರಾದ್ರೂ ಇದನ್ನ ಓದಾಕತ್ತಿದ್ರ ಮುಂದಿನ ಮೀಟಿಂಗಿನ ಅಜೆಂಡಾದಾಗ ಇದನ್ನ ಹಾಕಸ್ರಿ, ಮಾದರಿ ಅರ್ಜಿ ಬೇಕಂದ್ರ ನಾನೇ ಟೈಪ್ ಮಾಡಿ ಕೊಡ್ತೀನಿ.