ಕಡ್ಡಾಯ ಮಿಲಿಟರಿ, ಯಾರ ಮಗನಿಗೆ?

ನಿನ್ನೆ ತೀರ್ಥಹಳ್ಳಿಯಲ್ಲಿ ಮದುವೆ ಊಟ. ಎದುರು ಸಾಲಿನಲ್ಲಿದ್ದ ದೂರದ ಮಾವ ಒಬ್ಬರು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ತೀರ್ಪು ಕೊಟ್ಟೇಬಿಟ್ಟರು. "ಈಗಿನ ಹುಡುಗ್ರಿಗೆ ಸೊಕ್ಕು ಜಾಸ್ತಿ. ಎಲ್ಲರಿಗೂ ಎರಡು ವರ್ಷ ಮಿಲಿಟರಿ ಕಡ್ಡಾಯ ಮಾಡ್ಬೇಕು, ಆಗ ದಾರಿಗೆ ಬರ್ತಾರೆ." ಇಡೀ ಸಾಲು ತಲೆ ಆಡಿಸಿತು.

ನಮ್ಮಣ್ಣ ಸೈನ್ಯದಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವನು, ನಿಮಗೆಲ್ಲ ಗೊತ್ತು. ನನ್ನ ಪಕ್ಕದಲ್ಲೇ ಕೂತಿದ್ದ, ಸುಮ್ನೆ ಉಂಡ. ಆಮೇಲೆ ಕೈ ತೊಳೆಯುವಲ್ಲಿ ಅದೇ ಮಾವ ಅವನ ಹೆಗಲ ಮೇಲೆ ಕೈ ಹಾಕಿ ಮೆತ್ತಗೆ ಕೇಳಿದ್ದು, "ಮಿಲಿಟರಿ ಕ್ಯಾಂಟೀನಲ್ಲಿ ಎರಡು ಬಾಟ್ಲಿ ಸಿಗುತ್ತೇನೋ?" ಇಷ್ಟೇ ದೇಶಭಕ್ತಿ!

ಇನ್ನು ಮಾವನ ಮಗ. ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹಾಸ್ಟೆಲ್ ಊಟ ಸೇರಲ್ಲ ಅಂದಿದ್ದಕ್ಕೆ ಅತ್ತೆ ಅಲ್ಲೇ ಬಾಡಿಗೆ ಮನೆ ಹಿಡಿದು ಬೇಯಿಸಿ ಹಾಕುತ್ತಿದ್ದಾರೆ. ಕಡ್ಡಾಯ ಮಾಡಬೇಕಾಗಿರುವುದು ಇವನಿಗಲ್ಲ, ಬಸ್‌ಸ್ಟ್ಯಾಂಡಲ್ಲಿ ನಿಂತಿರುವ ಬೇರೆ ಯಾರದ್ದೋ ಮಗನಿಗೆ.

ಅಲ್ಲ, ಮಿಲಿಟರಿ ಅಂದರೆ ಇವರು ಹಾಳು ಮಾಡಿದ ಮಕ್ಕಳನ್ನು ರಿಪೇರಿ ಮಾಡೋ ಗ್ಯಾರೇಜಾ? ನಮ್ಮ ಕೇರಿಯ ಹುಡುಗನೊಬ್ಬ ಅಗ್ನಿಪಥ ಯೋಜನೆಯಲ್ಲಿ ಸೈನ್ಯ ಸೇರಿ ಅಗ್ನಿವೀರ್ ಆಗಬೇಕು ಅಂತ ಈ ಜಡಿಮಳೆಯಲ್ಲೂ ಬೆಳಗಿನ ಜಾವ ಎದ್ದು ಓಡುತ್ತಾನೆ. ಷೂ ಒಣಗುವುದೇ ಇಲ್ಲ. ರಾತ್ರಿ ಬಚ್ಚಲೊಲೆ ಪಕ್ಕ ಇಟ್ಟು ಒಂದರ ಅಟ್ಟೆ ಕರಗಿ ಬಾಯಿ ಬಿಟ್ಟಿದೆ, ಅದಕ್ಕೆ ಗಮ್ ಹಚ್ಚಿ ಮತ್ತೆ ಓಟ. 1600 ಮೀಟರ್ ಓಡಬೇಕು, ಎದೆ 77 ಸೆಂಟಿಮೀಟರ್ ಇರಬೇಕು, ಉಸಿರೆಳೆದರೆ ಇನ್ನೂ 5 ಹಿಗ್ಗಬೇಕು. ಇಷ್ಟೆಲ್ಲ ಆಗಿ ಸೇರಿದರೂ 2022ರಲ್ಲಿ ಬಂದ ಈ ಯೋಜನೆಯಲ್ಲಿ ಕೆಲಸ 4 ವರ್ಷ. ಆಮೇಲೆ ಉಳಿಸಿಕೊಳ್ಳುವುದು 25% ಜನರನ್ನು ಮಾತ್ರ. ಬರ್ತೀನಿ ಅಂತ ಓಡಿ ಬಂದವರಿಗೇ ಜಾಗ ಇಲ್ಲ, ಒಲ್ಲೆ ಅನ್ನೋರನ್ನು ಎಳ್ಕೊಂಡು ಹೋಗಿ ಎಲ್ಲಿ ನಿಲ್ಲಿಸ್ತೀರಿ ಮಾವ?

"ಕೊರಿಯಾದಲ್ಲಿ ಇಲ್ವಾ, ಇಸ್ರೇಲಲ್ಲಿ ಇಲ್ವಾ" ಅಂತ ಬರ್ತೀರಿ, ಗೊತ್ತು. ಇದೆ. ದಕ್ಷಿಣ ಕೊರಿಯಾದಲ್ಲಿ ಭೂಸೇನೆಗೆ 18 ತಿಂಗಳು. ನನ್ನ ಮಗಳು ಗೋಡೆಗೆ ಅಂಟಿಸಿಕೊಂಡಿರುವ ಬಿಟಿಎಸ್ ಅನ್ನೋ ಕೊರಿಯನ್ ಹಾಡಿನ ತಂಡದ ಜಿನ್ ಕೂಡ 2022ರ ಡಿಸೆಂಬರ್‌ನಲ್ಲಿ ಕೂದಲು ತೆಗೆಸಿಕೊಂಡು ಹೋದ. ಆದರೆ ಅವರಿಗೆ ಪಕ್ಕದಲ್ಲೇ ಉತ್ತರ ಕೊರಿಯಾ ಇದೆ. 1953ರಲ್ಲಿ ಕದನವಿರಾಮ ಆಗಿದ್ದು ಬಿಟ್ಟರೆ ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಹುಡುಗರ ಸೊಕ್ಕು ಇಳಿಸೋಕೆ ಮಾಡಿದ ಕಾನೂನಲ್ಲ ಅದು.

ನಿಜ ಹೇಳ್ತೀನಿ, ಅದರಲ್ಲಿ ಒಂದು ವಿಷಯ ನನಗೆ ಹೊಟ್ಟೆಕಿಚ್ಚಾಗುವಷ್ಟು ಇಷ್ಟ. ದುಡ್ಡಿದ್ದವನ ಮಗನೂ ಹೋಗಬೇಕಲ್ಲ ಅನ್ನೋದು. ಅಣ್ಣ ಗಡಿಯಲ್ಲಿದ್ದಾಗ ಫೋನ್ ಬಾರದ ರಾತ್ರಿಗಳಲ್ಲಿ ಅಮ್ಮ ಜಗಲಿಯಲ್ಲಿ ಕೂತಿರುತ್ತಿದ್ದಳು, ಆಗೆಲ್ಲ ಊರಿನ ದೊಡ್ಡ ಮನೆಗಳ ಮೇಲೆ ನನಗೆ ಸುಮ್ನೆ ಸಿಟ್ಟು ಬರ್ತಿತ್ತು. ಆದರೆ ಅಲ್ಲೂ ಕಿಂಡಿ ಇದೆ. ಕೊರಿಯಾದ ಫುಟ್ಬಾಲ್ ಆಟಗಾರ ಸನ್ ಹ್ಯೂಂಗ್ ಮಿನ್‌ಗೆ 2018ರ ಏಷ್ಯನ್ ಗೇಮ್ಸ್ ಚಿನ್ನ ಬಂದಿದ್ದಕ್ಕೆ ವಿನಾಯಿತಿ ಸಿಕ್ಕಿತು, ಮೂರು ವಾರದ ತರಬೇತಿ, ಜೊತೆಗೆ ಒಂದಿಷ್ಟು ಸಮಾಜಸೇವೆ, ಅಷ್ಟಕ್ಕೇ ಮುಗೀತು. ಇಸ್ರೇಲಿನಲ್ಲಿ ಧಾರ್ಮಿಕ ಶಾಲೆಯ ಹುಡುಗರಿಗೆ ದಶಕಗಳ ಕಾಲ ವಿನಾಯಿತಿ ಇತ್ತು, ಅವರನ್ನೂ ಸೇರಿಸಿಕೊಳ್ಳಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರಲ್ಲಿ. ನಮ್ಮಲ್ಲಿ ಬಂದರೆ ಕೇಳಬೇಕಾ? ಅಡಿಕೆ ರೇಟು ಚೆನ್ನಾಗಿರುವ ಮನೆಯ ಮಕ್ಕಳಿಗೆಲ್ಲ ಒಂದೇ ವಾರದಲ್ಲಿ ಬೆನ್ನುನೋವು, ಸರ್ಟಿಫಿಕೇಟ್ ಸಮೇತ.

ಕೆಳಗೆ "ಜೈ ಹಿಂದ್, ಕಡ್ಡಾಯ ಆಗಲೇಬೇಕು" ಅಂತ ಬರೆಯೋರು ಮೊದಲು ನಿಮ್ಮ ಮಗನ ವಯಸ್ಸು ಬರೀರಿ. ಹದಿನೇಳೂವರೆ ದಾಟಿದ್ದರೆ ಕಾನೂನು ಬರೋವರೆಗೂ ಕಾಯಬೇಡಿ, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು.