ಮೊಡ್ಲಾರೊಯ್ಟ್ ಊರನ್ನು ಒಡೆದದ್ದು ಹಳ್ಳವಲ್ಲ

ಜರ್ಮನಿಯ ನಕ್ಷೆಯಲ್ಲಿ ಮೊಡ್ಲಾರೊಯ್ಟ್ ಎಂಬ ಊರನ್ನು ಹುಡುಕಲು ತಾಳ್ಮೆ ಬೇಕು. ಬವೇರಿಯಾದ ಹೋಫ್ ಪಟ್ಟಣಕ್ಕೆ ಉತ್ತರದಲ್ಲಿ, ಗುಡ್ಡಗಳ ನಡುವಿನ ತಗ್ಗಿನಲ್ಲಿ, ಹೊಲ ಮತ್ತು ಹುಲ್ಲುಗಾವಲುಗಳ ಮಧ್ಯೆ ಸುಮಾರು ಐವತ್ತು ಜನ ವಾಸಿಸುವ ಹಳ್ಳಿ ಅದು. ಊರಿನ ನಡುವೆ ಟಾನ್‌ಬಾಖ್ ಹರಿಯುತ್ತದೆ. ಅದನ್ನು ಹಳ್ಳ ಎಂದರೂ ದೊಡ್ಡ ಮಾತೇ. ನೆಟ್ಟಗಿನ ಕಾಲುಳ್ಳವರು ಯಾರಾದರೂ ಒಂದೇ ಹೆಜ್ಜೆಗೆ ದಾಟಬಹುದು.

ಈ ಊರಿನ ಬಗ್ಗೆ ಬರೆಯುವವರಲ್ಲಿ ಅನೇಕರು ಕಥೆಯನ್ನು 1949ರಿಂದ ಶುರು ಮಾಡುತ್ತಾರೆ. ಎರಡು ಜರ್ಮನಿಗಳಾದವು, ಹಳ್ಳದ ಮೇಲೆ ಗಡಿ ಬಂತು, ಊರು ಒಡೆಯಿತು ಎನ್ನುತ್ತಾರೆ. ನನಗೆ ಈ ಕ್ರಮದ ಬಗ್ಗೆಯೇ ತಕರಾರಿದೆ. ಗಡಿ ಆಗ ಬಂದದ್ದಲ್ಲ. ಶತಮಾನಗಳ ಹಿಂದೆಯೇ ಟಾನ್‌ಬಾಖ್‌ನ ಒಂದು ದಡ ಒಬ್ಬ ಒಡೆಯನದು, ಇನ್ನೊಂದು ದಡ ಇನ್ನೊಬ್ಬನದು. 1810ರಲ್ಲಿ ಇಲ್ಲಿ ಗಡಿಕಲ್ಲುಗಳನ್ನೂ ನೆಟ್ಟರು: ಒಂದು ಬದಿಗೆ ಬವೇರಿಯಾ ರಾಜ್ಯ, ಇನ್ನೊಂದು ಬದಿಗೆ ರಾಯ್ಸ್ ಸಂಸ್ಥಾನ. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಅರಸರು ಹೋದರು, ರಾಯ್ಸ್ ಭಾಗ ತುರಿಂಗಿಯಾ ರಾಜ್ಯಕ್ಕೆ ಸೇರಿತು, ಕಲ್ಲುಗಳು ಇದ್ದಲ್ಲೇ ಇದ್ದವು.

ಆ ಕಲ್ಲುಗಳಿಂದ ಜನರ ಬದುಕಿಗೆ ಏನಾಯಿತು ಎಂದು ಕೇಳಿದರೆ, ಹೆಚ್ಚೇನೂ ಆಗಲಿಲ್ಲ. ಶಾಲೆ ಮತ್ತು ಹೋಟೆಲು ತುರಿಂಗಿಯಾ ಬದಿಯಲ್ಲಿದ್ದವು. ಬವೇರಿಯಾ ಬದಿಯ ಮಕ್ಕಳು ಹಳ್ಳ ದಾಟಿ ಪಾಠಕ್ಕೆ ಹೋಗುತ್ತಿದ್ದರು. ಚರ್ಚು ಬವೇರಿಯಾದ ಟ್ಯೋಪೆನ್‌ನಲ್ಲಿತ್ತು. ತುರಿಂಗಿಯಾ ಬದಿಯವರು ಪ್ರಾರ್ಥನೆಗೆ ಅಲ್ಲಿಗೆ ಬರುತ್ತಿದ್ದರು. ನೆಂಟಸ್ತಿಕೆಗೆ ದಡದ ಹಂಗೇ ಇರಲಿಲ್ಲ. ಕಂದಾಯ ಕಟ್ಟುವ ಕಚೇರಿ ಬೇರೆ, ಊರು ಒಂದೇ. ಗೆರೆಯೊಂದು ಇಷ್ಟು ಕಾಲ ಯಾರಿಗೂ ಕೇಡು ಮಾಡದೆ ಬಿದ್ದಿತ್ತು ಎಂಬುದನ್ನು ಬಿಟ್ಟು ಮುಂದಿನದನ್ನು ಹೇಳಿದರೆ ಅಪರಾಧಿಗಳು ತಪ್ಪಿಸಿಕೊಳ್ಳುತ್ತಾರೆ, ಹಳ್ಳ ಸಿಕ್ಕಿಬೀಳುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದೇ ಹಳೆಯ ಗೆರೆ ಬವೇರಿಯಾ ಬದಿಯ ಅಮೆರಿಕದ ವಲಯಕ್ಕೂ ತುರಿಂಗಿಯಾ ಬದಿಯ ಸೋವಿಯತ್ ವಲಯಕ್ಕೂ ಗಡಿಯಾಯಿತು. ಆಗಲೂ ಪರವಾನಗಿ ಹಿಡಿದು ದಾಟಬಹುದಿತ್ತು. ನಿಜವಾದ ಪೆಟ್ಟು ಬಿದ್ದದ್ದು 1952ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಪೂರ್ವ ಜರ್ಮನಿಯ ಸರ್ಕಾರ ಗಡಿಯುದ್ದಕ್ಕೂ 5 ಕಿಲೋಮೀಟರ್ ಅಗಲದ ನಿರ್ಬಂಧಿತ ವಲಯ, ಅದರೊಳಗೆ 500 ಮೀಟರಿನ ರಕ್ಷಣಾ ಪಟ್ಟಿ, ಗಡಿಗೆ ಅಂಟಿಕೊಂಡು 10 ಮೀಟರಿನ ಉತ್ತ ಪಟ್ಟಿ ಎಂದು ಆಜ್ಞೆ ಹೊರಡಿಸಿತು. ಉತ್ತದ್ದು ಬೆಳೆಗಲ್ಲ, ಓಡಿಹೋದವರ ಹೆಜ್ಜೆ ಮೂಡಲಿ ಎಂದು. ಜೂನ್‌ನಲ್ಲಿ, ನಂಬಿಕೆಗೆ ಅರ್ಹರಲ್ಲ ಎಂದು ತಾನೇ ತೀರ್ಮಾನಿಸಿದ ಸಾವಿರಾರು ಜನರನ್ನು ಗಡಿಯ ಹಳ್ಳಿಗಳಿಂದ ಬಲವಂತವಾಗಿ ಎಬ್ಬಿಸಿ ಒಳನಾಡಿಗೆ ಸಾಗಿಸಿತು. ಆ ಕಾರ್ಯಾಚರಣೆಗೆ ಅಧಿಕಾರಿಗಳು ಇಟ್ಟುಕೊಂಡ ಗುಪ್ತನಾಮ ಕ್ರಿಮಿಕೀಟ ಎಂಬರ್ಥದ್ದು. ಅದನ್ನು ಮೊದಲ ಬಾರಿ ಓದಿದಾಗ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹೊಲ ಉಳುವವರನ್ನು ಹಾಗೆ ಕರೆಯುವುದಕ್ಕೆ ಯಾವ ಸಿದ್ಧಾಂತದ ಹೆಸರೂ ನೆಪವಾಗಬಾರದು.

ಮೊಡ್ಲಾರೊಯ್ಟ್‌ನಲ್ಲಿ ಅದೇ ವರ್ಷ ಆಳೆತ್ತರದ ಹಲಗೆಬೇಲಿ ಎದ್ದಿತು, ಬಳಿಕ ಮುಳ್ಳುತಂತಿ. 1966ರಲ್ಲಿ 700 ಮೀಟರ್ ಉದ್ದದ, 3.3 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ ಬಂತು. ಎರಡು ಜರ್ಮನಿಗಳ ನಡುವಿನ ಸುಮಾರು 1,400 ಕಿಲೋಮೀಟರ್ ಗಡಿಯಲ್ಲಿ ಬಹುಪಾಲು ಇದ್ದದ್ದು ಬೇಲಿ. ಮನೆಗಳು ಗಡಿಗೆ ಒತ್ತಿಕೊಂಡಿದ್ದ ಕಡೆ ಮಾತ್ರ ಹೀಗೆ ಗೋಡೆ ಕಟ್ಟಿದರು, ಒಬ್ಬರಿಗೊಬ್ಬರು ಕಾಣದಿರಲಿ ಎಂದು. ಪಶ್ಚಿಮದವರು ತಮ್ಮ ದಡದಲ್ಲಿ ನಿಂತು ಕೈಬೀಸಬಹುದಿತ್ತು. ಪೂರ್ವದವರು ತಿರುಗಿ ಕೈಬೀಸುವಂತಿರಲಿಲ್ಲ, ಅದು ನಿಷಿದ್ಧ. ಸ್ವಂತ ಊರಿಗೆ ಬರಲೂ ಅವರಿಗೆ ಪಾಸು ಬೇಕಿತ್ತು.

ಅಮೆರಿಕದ ಸೈನಿಕರು ಇದನ್ನು ಪುಟ್ಟ ಬರ್ಲಿನ್ ಎಂದು ಕರೆದರು. 1983ರಲ್ಲಿ ಆಗಿನ ಉಪಾಧ್ಯಕ್ಷ ಜಾರ್ಜ್ ಬುಷ್ ಬಂದು, ನಾನೂ ಮೊಡ್ಲಾರೊಯ್ಟಿನವನು ಎಂದು ಜರ್ಮನ್ ಭಾಷೆಯಲ್ಲೇ ಹೇಳಿ ಹೋದರು. ಜಗತ್ತಿನ ಕಣ್ಣು ಈ ಕಡೆ ಹೊರಳಲು ಅದರಿಂದ ನೆರವಾಗಿರಬೇಕು. ಆದರೂ ಬರ್ಲಿನ್‌ನಲ್ಲಿ ದಾಟುವ ಠಾಣೆಗಳಾದರೂ ಇದ್ದವು. ಇಲ್ಲಿ ಕಾಲುದಾರಿಯೊಂದು ತೆರೆದದ್ದು 1989ರ ಡಿಸೆಂಬರ್ 9ರಂದು, ಬರ್ಲಿನ್ ಗೋಡೆ ತೆರೆದು ಸರಿಯಾಗಿ ಒಂದು ತಿಂಗಳಾದ ಮೇಲೆ.

1990ರ ಜೂನ್ 17ರಂದು ಯಂತ್ರ ತಂದು ಗೋಡೆಯನ್ನು ಕೆಡವಿದರು. ಸುಮಾರು 100 ಮೀಟರಿನಷ್ಟನ್ನು ಉಳಿಸಿಕೊಂಡು ಅಲ್ಲಿಯೇ ವಸ್ತುಸಂಗ್ರಹಾಲಯ ಮಾಡಿದರು. ಇಷ್ಟು ನೋವು ಕೊಟ್ಟದ್ದನ್ನು ಊರಿನ ನಡುವೆ ಏಕೆ ಇಟ್ಟುಕೊಳ್ಳಬೇಕು ಎಂದು ಕೇಳುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಉಳಿಸಿದ್ದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 3.3 ಮೀಟರ್ ಎಂದು ಓದುವುದು ಬೇರೆ, ಅದರ ಬುಡದಲ್ಲಿ ಕತ್ತೆತ್ತಿ ನಿಲ್ಲುವುದು ಬೇರೆ.

ಈಗಲೂ ಊರು ಎರಡು ರಾಜ್ಯಗಳಿಗೆ ಸೇರಿದೆ. ಒಂದು ಭಾಗ ಬವೇರಿಯಾದ ಟ್ಯೋಪೆನ್ ಆಡಳಿತಕ್ಕೆ, ಇನ್ನೊಂದು ತುರಿಂಗಿಯಾದ ಗೆಫೆಲ್ ಪಟ್ಟಣಕ್ಕೆ. ಇಬ್ಬರು ಮೇಯರ್‌ಗಳು, ಎರಡು ಪಿನ್‌ಕೋಡ್, ಎರಡು ದೂರವಾಣಿ ಸಂಕೇತ. ಇದನ್ನು ಇನ್ನೂ ಮುಗಿಯದ ವಿಭಜನೆ ಎಂದು ಮರುಗುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. 1810ರ ಕಲ್ಲುಗಳ ಕಾಲಕ್ಕೆ ಊರು ಮರಳಿದೆ, ಅಷ್ಟೇ. ಅಲ್ಲಿಗೆ ಹೋಗುವ ಅವಕಾಶ ನಿಮಗೆ ಸಿಕ್ಕರೆ ಕಾವಲುಗೋಪುರದ ಕಡೆಗೆ ಮೊದಲೇ ಧಾವಿಸಬೇಡಿ. ಆ ಗಡಿಕಲ್ಲುಗಳನ್ನು ನೋಡಿ, ಹಳ್ಳವನ್ನು ಒಮ್ಮೆ ದಾಟಿ, ಆಮೇಲೆ ಗೋಡೆಯ ಹತ್ತಿರ ಹೋಗಿ.